ಬಾಟ್ಲಿ ಒಂದೇ, ಹೆಸರೂ ಒಂದೇ: ಮೇದೋಜೀರಕದ ಉರಿಯೂತ, ಮಕ್ಕಳು ಮತ್ತು ನರಕ್ಕೆ ಏರಿಸುವ ದ್ರವಗಳ ಚರಿತ್ರೆ

ಕನ್ನಡ ಸಾಹಿತ್ಯದ ಸೆಮಿನಾರಿನಲ್ಲಿ ಇವಳ್ಯಾಕೆ ಡ್ರಿಪ್ಪಿನ ಬಾಟ್ಲಿಯ ವಿಷಯ ಎತ್ತಿಕೊಂಡು ಬಂದಳು ಅಂತ ನಿಮಗೆ ಅನ್ನಿಸಬಹುದು. ಪದಗಳ ಚರಿತ್ರೆ ನಮ್ಮ ಕೆಲಸ. ಒಂದು ಪದ ಒಂದು ಮಗುವಿನ ಜೀವಕ್ಕೆ ಹೇಗೆ ತೊಡಕಾಯಿತು ಅನ್ನುವುದನ್ನು ನಾನು ಹತ್ತಿರದಿಂದ ನೋಡಿದೆ. ಹಾಗಾಗಿ ಈ ವಿಷಯ.

ರೊದ್ದಂ ನಮ್ಮ ಚಿಕ್ಕಮ್ಮನ ಊರು. ಪೆನ್ನೆಯ ದಡ, ಪೆನುಕೊಂಡದ ಸೀಮೆ, ಈಗ ಶ್ರೀ ಸತ್ಯಸಾಯಿ ಜಿಲ್ಲೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು. ಒಂದೇ ವಾಕ್ಯದಲ್ಲಿ ಎರಡೂ ಬಂದುಹೋಗುತ್ತವೆ. ಅಲ್ಲಿ ಯಾರಿಗಾದರೂ ಹುಷಾರಿಲ್ಲದೆ ಸುಸ್ತಾದರೆ ಕನ್ನಡದವರು ‘ಗ್ಲೂಕೋಸ್ ಹಾಕಿಸ್ಕೊಂಡು ಬಂದ್ವಿ’ ಅಂತಾರೆ. ಪಕ್ಕದ ಮನೆಯ ತೆಲುಗಿನವರು ಅದೇ ಬಾಟ್ಲಿಗೆ ‘ಸೆಲೈನ್ ಎಕ್ಕಿಂಚಾರು’ ಅಂತಾರೆ. ಉತ್ತರ ಕರ್ನಾಟಕದ ಕಡೆ ಹೋದರೆ ‘ಸಲಾಯಿನ್ ಹಚ್ಚಿದ್ರು’. ಗಮನಿಸಿ: ಗ್ಲೂಕೋಸ್ ಅಂದರೆ ಸಕ್ಕರೆ, ಸಲೈನ್ ಅಂದರೆ ಉಪ್ಪು. ಒಂದು ಭಾಷೆ ಎಲ್ಲ ಬಾಟ್ಲಿಗೂ ಸಕ್ಕರೆಯ ಹೆಸರಿಟ್ಟಿತು, ಇನ್ನೊಂದು ಉಪ್ಪಿನ ಹೆಸರಿಟ್ಟಿತು. ಒಳಗೆ ಏನಿದೆ ಅನ್ನುವುದು ಎರಡರಲ್ಲೂ ಮರೆಯಾಯಿತು.

ಮೂರು ವರ್ಷದ ಹಿಂದೆ ಚಿಕ್ಕಮ್ಮನ ಮಗನಿಗೆ, ಆಗ ಅವನಿಗೆ ಒಂಬತ್ತು ವರ್ಷ, ರಾತ್ರಿ ಹೊಟ್ಟೆನೋವು ಶುರುವಾಯಿತು. ಮೇಲುಹೊಟ್ಟೆ ಹಿಡಿದುಕೊಂಡು ಮುಂದಕ್ಕೆ ಬಾಗಿ ಕೂತುಬಿಟ್ಟ. ವಾಂತಿ ನಿಲ್ಲಲಿಲ್ಲ. ಹುಳುವಿನ ನೋವು ಅಂದರು, ದೃಷ್ಟಿ ಅಂದರು. ಬೆಳಗ್ಗೆ ಊರಿನ ಆರ್‌ಎಂಪಿ ಹತ್ತಿರ ಎರಡು ಬಾಟ್ಲಿ ಹಾಕಿಸಿದರು. ಸಂಜೆಗೆ ಹಿಂದೂಪುರ, ಮಾರನೆಯ ದಿನ ಬೆಂಗಳೂರು. ಅಲ್ಲಿ ರಕ್ತದಲ್ಲಿ ಲೈಪೇಸ್ ಎಷ್ಟೋ ಪಟ್ಟು ಏರಿತ್ತು. ಅದು ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತ, ಡಾಕ್ಟರ ಮಾತಿನಲ್ಲಿ ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್. ಸೋಡಿಯಂ ಮಾತ್ರ ಇರಬೇಕಾದ್ದಕ್ಕಿಂತ ಕಡಿಮೆಯಿತ್ತು.

ಅಲ್ಲಿನ ಡಾಕ್ಟರು ಕೇಳಿದ್ದು ಎರಡೇ ಪ್ರಶ್ನೆ. ‘ಏನು ಹಾಕಿದ್ರು? ಎಷ್ಟು ಹಾಕಿದ್ರು?’

‘ಗ್ಲೂಕೋಸ್ ಸರ್. ಎರಡು ಬಾಟ್ಲು.’

‘ಯಾವ ಗ್ಲೂಕೋಸಮ್ಮಾ?’

ಚಿಕ್ಕಮ್ಮ ನನ್ನ ಮುಖ ನೋಡಿದರು. ನಾನು ಎಂ.ಎ. ಓದುತ್ತಿರುವವಳು, ನನಗೆ ಗೊತ್ತಿರಬೇಕು ಅಂತ. ನನಗೂ ಗೊತ್ತಿರಲಿಲ್ಲ. ಜೊತೆಗೆ ತಂದಿದ್ದ ಚೀಟಿಯಲ್ಲಿ ‘ಐ.ವಿ. ಫ್ಲೂಯಿಡ್ಸ್ ಕೊಟ್ಟಿದೆ’ ಅಂತಷ್ಟೇ ಇತ್ತು. ಯಾವುದು, ಎಷ್ಟು, ಎಷ್ಟು ಹೊತ್ತಿನಲ್ಲಿ, ಯಾವುದೂ ಇಲ್ಲ. ನಾವು ಓಲೆಗರಿ ಓದುವಾಗ ಕೊನೆಯಲ್ಲಿ ಬರೆದವನ ಹೆಸರು, ತಿಥಿ, ಸಂವತ್ಸರ ಹುಡುಕುತ್ತೇವಲ್ಲ, ಅವು ಇಲ್ಲದ ಪ್ರತಿ ಕೈಗೆ ಬಂದ ಹಾಗಾಯಿತು. ವ್ಯತ್ಯಾಸ ಏನಪ್ಪಾ ಅಂದರೆ, ಇಲ್ಲಿ ಕಾಲನಿರ್ಣಯಕ್ಕೆ ಕಾಯುತ್ತಿದ್ದದ್ದು ಒಂದು ಮಗು.

ಹುಡುಗ ಹುಷಾರಾದ, ಈಗ ಶಾಲೆಗೆ ಹೋಗುತ್ತಿದ್ದಾನೆ. ಆ ಪ್ರಶ್ನೆ ನನ್ನಲ್ಲಿ ಉಳಿದುಕೊಂಡಿತು. ಈ ಪ್ರಬಂಧ ಅದರ ಉತ್ತರ ಹುಡುಕಿದ ದಾರಿ.

1. ಉಪ್ಪುನೀರು ನರಕ್ಕೆ ಬಂದದ್ದು

ಈ ಕಥೆ ಕಾಲರಾದಿಂದ ಶುರುವಾಗುತ್ತದೆ. 1831ರಲ್ಲಿ ಇಂಗ್ಲೆಂಡಿನ ಸಂಡರ್‌ಲ್ಯಾಂಡಿಗೆ ಕಾಲರಾ ಬಂತು. ವಿಲಿಯಂ ಬ್ರೂಕ್ ಓಶಾನೆಸಿ ಎಂಬ ಇಪ್ಪತ್ತರ ಹರೆಯದ ಐರಿಷ್ ವೈದ್ಯ ರೋಗಿಗಳ ರಕ್ತ ಪರೀಕ್ಷೆ ಮಾಡಿ, ರಕ್ತದಿಂದ ನೀರೂ ಲವಣವೂ ಹೊರಟುಹೋಗಿವೆ, ಅವನ್ನು ವಾಪಸು ಕೊಡಬೇಕು ಎಂದು ಬರೆದ. ಇದೇ ಮನುಷ್ಯ ಆಮೇಲೆ ಕಲ್ಕತ್ತಕ್ಕೆ ಬಂದು ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡಿದ, ಭಾರತದಲ್ಲಿ ತಂತಿ ವ್ಯವಸ್ಥೆ ಹಾಕಿಸಿದ.

ಅವನ ಬರಹ ಓದಿಕೊಂಡು 1832ರಲ್ಲಿ ಸ್ಕಾಟ್ಲೆಂಡಿನ ಲೀತ್ ಊರಿನ ಥಾಮಸ್ ಲಟ್ಟಾ ಆ ಕೆಲಸವನ್ನು ಮಾಡಿಯೇಬಿಟ್ಟ. ಇನ್ನೇನು ಹೋಗಿಬಿಟ್ಟಳು ಅನ್ನುವ ಸ್ಥಿತಿಯಲ್ಲಿದ್ದ ಒಬ್ಬ ಮುದುಕಿಯ ನರಕ್ಕೆ ಉಪ್ಪು, ಸೋಡಾ ಬೆರೆಸಿದ ನೀರು ಬಿಟ್ಟ. ಆರು ಪಿಂಟ್, ಅಂದರೆ ಮೂರು ಲೀಟರಿಗೂ ಮೇಲೆ, ಹೋಗುವಷ್ಟರಲ್ಲಿ ಆಕೆಯ ಕಣ್ಣಿಗೆ ಕಳೆ ಬಂತು, ಕೈಕಾಲು ಬೆಚ್ಚಗಾಯಿತು. ಲಟ್ಟಾ ಅಲ್ಲಿನ ವೈದ್ಯನಿಗೆ ಒಪ್ಪಿಸಿ ಹೊರಟ. ಭೇದಿ ಮತ್ತೆ ಶುರುವಾಯಿತು, ಯಾರೂ ಮತ್ತೆ ದ್ರವ ಕೊಡಲಿಲ್ಲ, ಕೆಲವು ಗಂಟೆಯಲ್ಲಿ ಆಕೆ ತೀರಿಕೊಂಡಳು. ನನಗೆ ಈ ಘಟನೆ ತುಂಬಾ ಕಾಡುತ್ತದೆ. ಕೊಟ್ಟರೆ ಸಾಲದು, ಪಕ್ಕದಲ್ಲಿ ಕೂತು ನೋಡುತ್ತಿರಬೇಕು ಅನ್ನುವ ಪಾಠ ಮೊದಲ ರೋಗಿಯಲ್ಲೇ ಇದೆ.

ಅಲ್ಲಿಂದ ಮುಂದಿನ ಪ್ರಶ್ನೆ: ನೀರಿನಲ್ಲಿ ಏನೇನು ಇರಬೇಕು? 1880ರ ದಶಕದಲ್ಲಿ ಲಂಡನ್ನಿನ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿ ಬಡಿಸುತ್ತಿದ್ದ. ಒಂದಷ್ಟು ದಿನ ಚೆನ್ನಾಗಿ ಬಡಿಯಿತು. ಆಮೇಲೆ ನೋಡಿದರೆ, ಅವನ ಸಹಾಯಕ ಬಟ್ಟಿ ಇಳಿಸಿದ ನೀರಿನ ಬದಲು ನಲ್ಲಿ ನೀರು ಬಳಸಿದ್ದ. ಶುದ್ಧ ನೀರಿನಲ್ಲಿ ಮಾಡಿದಾಗ ಹೃದಯ ನಿಂತುಹೋಯಿತು. ನಲ್ಲಿ ನೀರಿನ ಕ್ಯಾಲ್ಸಿಯಂ ಅದನ್ನು ನಡೆಸುತ್ತಿತ್ತು. ‘ರಿಂಗರ್’ ಎಂಬ ಹೆಸರು ಹುಟ್ಟಿದ್ದು ಹೀಗೆ.

ಇನ್ನು ‘ನಾರ್ಮಲ್ ಸಲೈನ್’. ಒಂದು ಲೀಟರಿಗೆ 9 ಗ್ರಾಂ ಉಪ್ಪು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಡಚ್ ವಿಜ್ಞಾನಿ ಹಂಬರ್ಗರ್ ಗಾಜಿನ ನಳಿಕೆಯಲ್ಲಿ ಕೆಂಪು ರಕ್ತಕಣಗಳನ್ನಿಟ್ಟು ಮಾಡಿದ ಪ್ರಯೋಗಗಳಿಂದ 0.9 ಎಂಬ ಅಂಕಿಗೆ ಬೆಲೆ ಬಂತು. ಹೆಸರು ನಾರ್ಮಲ್, ಆದರೆ ರಕ್ತಕ್ಕೆ ಹೋಲಿಸಿದರೆ ಅದು ನಾರ್ಮಲ್ ಅಲ್ಲ. ರಕ್ತದಲ್ಲಿ ಕ್ಲೋರೈಡ್ ಲೀಟರಿಗೆ ಸುಮಾರು 100 ಮಿಲಿಮೋಲ್ ಇದ್ದರೆ, ಈ ಬಾಟ್ಲಿಯಲ್ಲಿ 154. ಜಾಸ್ತಿ ಕೊಟ್ಟರೆ ರಕ್ತ ಆಮ್ಲದ ಕಡೆಗೆ ವಾಲುತ್ತದೆ. ಒಂದು ವಿಶೇಷಣ ನೂರು ವರ್ಷ ಜನರನ್ನು ನಂಬಿಸಿಬಿಟ್ಟಿತು. ಪದದ ಬಲ ನೋಡಿ!

1932ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಮಕ್ಕಳ ವೈದ್ಯ ಅಲೆಕ್ಸಿಸ್ ಹಾರ್ಟ್‌ಮನ್, ಭೇದಿಯಿಂದ ರಕ್ತ ಆಮ್ಲೀಯವಾದ ಕೂಸುಗಳಿಗಾಗಿ ರಿಂಗರ್ ದ್ರವಕ್ಕೆ ಲ್ಯಾಕ್ಟೇಟ್ ಸೇರಿಸಿದ. ಪಿತ್ತಜನಕಾಂಗ ಲ್ಯಾಕ್ಟೇಟನ್ನು ಬೈಕಾರ್ಬನೇಟ್ ಆಗಿ ಬದಲಿಸುತ್ತದೆ, ಆಮ್ಲ ಇಳಿಯುತ್ತದೆ. ಇದೇ ರಿಂಗರ್ ಲ್ಯಾಕ್ಟೇಟ್, ಆಸ್ಪತ್ರೆಯಲ್ಲಿ ‘ಆರ್‌ಎಲ್’. ಇವತ್ತು ದೊಡ್ಡವರಿಗೆಲ್ಲ ಹಾಕುವ ಈ ಬಾಟ್ಲಿ ಹುಟ್ಟಿದ್ದು ಮಕ್ಕಳಿಗಾಗಿ.

2. ಹಾಲಿನ ಲೆಕ್ಕ

ಮಕ್ಕಳಿಗೆ ದಿನಕ್ಕೆ ಎಷ್ಟು? ಇದಕ್ಕೆ 1957ರಲ್ಲಿ ಹಾಲಿಡೇ ಮತ್ತು ಸೆಗಾರ್ ಎಂಬ ಇಬ್ಬರು ಬಹಳ ಸರಳ ಸೂತ್ರ ಕೊಟ್ಟರು. ಮೊದಲ 10 ಕಿಲೋ ತೂಕಕ್ಕೆ ಕಿಲೋಗೆ 100 ಮಿಲಿ, ಮುಂದಿನ 10 ಕಿಲೋಗೆ 50, ಅದರ ಮೇಲೆ 20. ನಮ್ಮ ಹುಡುಗ ಆಗ 22 ಕಿಲೋ ಇದ್ದ. ಲೆಕ್ಕ ಹಾಕಿದರೆ 1000 ಕೂಡಿಸು 500 ಕೂಡಿಸು 40, ಒಟ್ಟು 1540 ಮಿಲಿ. ಗಂಟೆಗೆ ಸುಮಾರು 64. ಮಗ್ಗಿ ಹಾಗೆ ಬಾಯಿಪಾಠ ಆಗುವ ಈ ಸೂತ್ರ ಈಗಲೂ ಲೋಕದ ಎಲ್ಲ ಮಕ್ಕಳ ವಾರ್ಡಿನಲ್ಲಿದೆ.

ಆದರೆ ಅದರ ಜೊತೆಗೆ ಅವರು ಸೋಡಿಯಂ ಲೆಕ್ಕವನ್ನು ತಾಯಿಯ ಹಾಲು, ಹಸುವಿನ ಹಾಲಿನ ಆಧಾರದ ಮೇಲೆ ಕಟ್ಟಿದರು. ಹಾಲಿನಲ್ಲಿ ಸೋಡಿಯಂ ಕಡಿಮೆ, ಆದ್ದರಿಂದ ಬಾಟ್ಲಿಯಲ್ಲೂ ಕಡಿಮೆ. ಆರೋಗ್ಯವಾಗಿ ಆಡಿಕೊಂಡಿರುವ ಮಗುವಿಗೆ ಇದು ಸರಿ. ನೋವಿನಲ್ಲಿ, ವಾಂತಿಯಲ್ಲಿ ಇರುವ ಮಗುವಿನ ಮೈ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೂತ್ರದಲ್ಲಿ ಬಿಡುವುದಿಲ್ಲ. ಆಗ ಉಪ್ಪು ಕಡಿಮೆಯಿರುವ ನೀರು ಕೊಟ್ಟರೆ ರಕ್ತದ ಸೋಡಿಯಂ ಕುಸಿದು ಮಿದುಳು ಬಾತುಕೊಳ್ಳಬಹುದು. ಆಸ್ಪತ್ರೆಗೆ ನಡೆದುಕೊಂಡು ಬಂದ ಮಕ್ಕಳು ಈ ಕಾರಣದಿಂದ ಸತ್ತ ಪ್ರಕರಣಗಳು 1990ರ ದಶಕದಿಂದ ಒಂದೊಂದಾಗಿ ದಾಖಲಾದವು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ದಿನವಹಿ ದ್ರವವೂ ರಕ್ತದಷ್ಟೇ ಸೋಡಿಯಂ ಇರುವಂಥದ್ದಾಗಿರಲಿ ಎಂದು ಹೇಳಿದ್ದು 2018ರಲ್ಲಿ. ಅಂದರೆ ಸೂತ್ರ ಬಂದು 61 ವರ್ಷದ ಮೇಲೆ.

ಈಗ ನಮ್ಮೂರಿನ ‘ಗ್ಲೂಕೋಸ್’ಗೆ ಬನ್ನಿ. ಶೇಕಡಾ 5ರ ಡೆಕ್ಸ್‌ಟ್ರೋಸ್, 500 ಮಿಲಿ ಬಾಟ್ಲಿ. ಅದರಲ್ಲಿ ಇರುವುದು 25 ಗ್ರಾಂ ಸಕ್ಕರೆ, ಐದಾರು ಚಮಚ. ಮೈ ಆ ಸಕ್ಕರೆಯನ್ನು ಬಳಸಿಕೊಂಡ ಮೇಲೆ ಉಳಿಯುವುದು ಬರೀ ನೀರು. ‘ಶಕ್ತಿ ಬರ್ತದೆ’ ಅಂತ ನಾವು ನಂಬಿ ಹಾಕಿಸಿಕೊಳ್ಳುವುದು ಇದನ್ನೇ. ಒಂದು ಲೋಟ ಪಾನಕದಲ್ಲಿ ಇಷ್ಟು ಶಕ್ತಿ ಇದೆ. ವಾಂತಿ ಮಾಡುತ್ತಿರುವ 22 ಕಿಲೋ ಮಗುವಿಗೆ ಇಂಥ ಎರಡು ಬಾಟ್ಲಿ ಹೋದರೆ ಸೋಡಿಯಂ ಇಳಿಯಲು ಅದೊಂದೇ ಸಾಕು. ಅವನಿಗೆ ಹೋದದ್ದು ಇದೇನಾ? ಚೀಟಿ ಹೇಳುವುದಿಲ್ಲ.

3. ಮೇದೋಜೀರಕದ ವಿಶೇಷ

ಮೇದೋಜೀರಕ ಜಠರದ ಹಿಂದೆ ಅಡ್ಡವಾಗಿ ಮಲಗಿರುವ ಗ್ರಂಥಿ. ಊಟ ಅರಗಿಸುವ ರಸ ಅಲ್ಲಿ ತಯಾರಾಗುತ್ತದೆ. ಆ ರಸ ಕರುಳಿಗೆ ಇಳಿದ ಮೇಲೆ ಚುರುಕಾಗಬೇಕು. ಗ್ರಂಥಿಯೊಳಗೇ ಚುರುಕಾದರೆ ತನ್ನನ್ನು ತಾನೇ ಅರಗಿಸಿಕೊಳ್ಳಲು ಶುರುಮಾಡುತ್ತದೆ. ದೊಡ್ಡವರಲ್ಲಿ ಕುಡಿತ, ಪಿತ್ತದ ಕಲ್ಲು ಮುಖ್ಯ ಕಾರಣಗಳು. ಮಕ್ಕಳಲ್ಲಿ ಕಾರಣಗಳು ಬೇರೆ: ಸೈಕಲ್ ಹ್ಯಾಂಡಲ್ ಹೊಟ್ಟೆಗೆ ಹೊಡೆದದ್ದು, ಗದ್ದಬಾವಿನಂಥ ವೈರಸ್, ಪಿತ್ತದ ಕಲ್ಲು, ಕೆಲವು ಔಷಧಿಗಳು, ನಾಳದ ಹುಟ್ಟು ದೋಷ, ವಂಶವಾಹಿಯ ಬದಲಾವಣೆ. ಪತ್ತೆಗೆ ಒಪ್ಪಿತ ನಿಯಮ ಇದೆ: ಅದಕ್ಕೆ ತಕ್ಕ ಹೊಟ್ಟೆನೋವು, ರಕ್ತದಲ್ಲಿ ಅಮೈಲೇಸ್ ಅಥವಾ ಲೈಪೇಸ್ ಮೂರು ಪಟ್ಟು, ಸ್ಕ್ಯಾನಿನಲ್ಲಿ ಲಕ್ಷಣ, ಮೂರರಲ್ಲಿ ಎರಡು ಇದ್ದರೆ ಹೌದು.

ಉರಿಯೂತ ಆದಾಗ ಸಣ್ಣ ರಕ್ತನಾಳಗಳು ಸೋರತೊಡಗುತ್ತವೆ. ನೀರು ರಕ್ತದಿಂದ ಹೊಟ್ಟೆಯೊಳಕ್ಕೆ ಇಳಿಯುತ್ತದೆ, ರಕ್ತ ಗಟ್ಟಿಯಾಗುತ್ತದೆ, ಗ್ರಂಥಿಗೆ ರಕ್ತ ಸಾಲದೆ ಒಂದಷ್ಟು ಭಾಗ ಸಾಯುತ್ತದೆ. ಇದನ್ನು ತಡೆಯಬೇಕಾದರೆ ಶುರುವಿನ ಒಂದೆರಡು ದಿನದ ದ್ರವವೇ ಮುಖ್ಯ. ಈ ಕಾಯಿಲೆಯನ್ನೇ ನಿಲ್ಲಿಸುವ ಔಷಧಿ ಇವತ್ತಿಗೂ ಇಲ್ಲ. ಹಾಗಾಗಿ ಬಾಟ್ಲಿಯೇ ಔಷಧಿ. ಯಾವ ಬಾಟ್ಲಿ ಅನ್ನುವುದು ಸಣ್ಣ ಪ್ರಶ್ನೆ ಅಲ್ಲ.

‘ಸೋರುತ್ತಿದ್ದರೆ ತುಂಬುತ್ತಾ ಹೋಗಿ’ ಅನ್ನುವುದು ಬಹಳ ಕಾಲದ ಬುದ್ಧಿ. ಅದಕ್ಕೆ ಎರಡು ದೊಡ್ಡ ಪೆಟ್ಟು ಬಿದ್ದವು. ಮೊದಲನೆಯದು 2011ರಲ್ಲಿ. ಕೆನ್ಯಾ, ಉಗಾಂಡ, ತಾಂಜಾನಿಯಾದಲ್ಲಿ ಜ್ವರದಿಂದ ತೀವ್ರ ನರಳುತ್ತಿದ್ದ 3141 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ, ಬೇಗ ಬೇಗ ದ್ರವ ಏರಿಸಿದ ಗುಂಪುಗಳಲ್ಲಿ 48 ಗಂಟೆಯೊಳಗೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಕ್ಕಳು ಸತ್ತರು, ಹಾಗೆ ಏರಿಸದ ಗುಂಪಿನಲ್ಲಿ 7.3. ಅದು ಮೇದೋಜೀರಕದ ರೋಗ ಅಲ್ಲ, ಆದರೂ ಎಲ್ಲರೂ ಒಮ್ಮೆ ಕೈ ತಡೆದರು. ಎರಡನೆಯದು 2022ರಲ್ಲಿ, ಭಾರತ, ಇಟಲಿ, ಮೆಕ್ಸಿಕೊ, ಸ್ಪೇನ್ ದೇಶಗಳ ಆಸ್ಪತ್ರೆಗಳು ಸೇರಿ ಮೇದೋಜೀರಕದ ಉರಿಯೂತವಿದ್ದ 249 ದೊಡ್ಡವರ ಮೇಲೆ ಮಾಡಿದ್ದು. ಇಬ್ಬರಿಗೂ ಆರ್‌ಎಲ್ಲೇ, ಒಂದು ಗುಂಪಿಗೆ ರಭಸವಾಗಿ, ಇನ್ನೊಂದಕ್ಕೆ ಮಿತವಾಗಿ. ರಭಸದ ಗುಂಪಿನಲ್ಲಿ ನೂರಕ್ಕೆ 20.5 ಮಂದಿಗೆ ನೀರು ಹೆಚ್ಚಾಗಿ ತೊಂದರೆಯಾಯಿತು, ಮಿತದ ಗುಂಪಿನಲ್ಲಿ 6.3. ರೋಗದ ತೀವ್ರತೆ ತಗ್ಗಿದ ಲಾಭವೂ ಕಾಣಲಿಲ್ಲ. ಅಧ್ಯಯನವನ್ನು ಮಧ್ಯದಲ್ಲೇ ನಿಲ್ಲಿಸಿದರು.

ಇನ್ನು ಯಾವುದು ಅನ್ನುವುದಕ್ಕೆ. 2011ರಲ್ಲಿ 40 ದೊಡ್ಡ ರೋಗಿಗಳ ಒಂದು ಚಿಕ್ಕ ಅಧ್ಯಯನದಲ್ಲಿ ಆರ್‌ಎಲ್ ಕೊಟ್ಟವರಲ್ಲಿ ಮೈಯೆಲ್ಲ ಹರಡುವ ಉರಿ ಸಲೈನ್ ಕೊಟ್ಟವರಿಗಿಂತ ಬೇಗ ಇಳಿಯಿತು. ಕಾರಣ ಊಹಿಸುವುದು ಕಷ್ಟ ಅಲ್ಲ: ಆಮ್ಲದ ವಾತಾವರಣದಲ್ಲಿ ಮೇದೋಜೀರಕದ ರಸ ಒಳಗೇ ಚುರುಕಾಗುವುದು ಜಾಸ್ತಿ, ಸಲೈನ್ ಆಮ್ಲ ಏರಿಸುತ್ತದೆ, ಆರ್‌ಎಲ್ ಇಳಿಸುತ್ತದೆ. ಮಕ್ಕಳ ಬಗ್ಗೆ ಉತ್ತರ ಅಮೆರಿಕದ ಮಕ್ಕಳ ಜಠರ-ಕರುಳು ತಜ್ಞರ ಸಂಘ 2018ರಲ್ಲಿ ಕೊಟ್ಟ ಮಾರ್ಗದರ್ಶನ ಎಚ್ಚರಿಕೆಯದು. ಶುರುವಿಗೆ ಆರ್‌ಎಲ್ ಅಥವಾ ಸಲೈನ್ ಯಾವುದಾದರೂ ಆಗಬಹುದು. ನೀರು ಕಡಿಮೆಯಾಗಿದ್ದರೆ ಕಿಲೋಗೆ 10ರಿಂದ 20 ಮಿಲಿ ಒಮ್ಮೆಗೆ. ಆಮೇಲೆ ದಿನದ ಲೆಕ್ಕದ ಒಂದೂವರೆಯಿಂದ ಎರಡು ಪಟ್ಟು, ಮೂತ್ರ ನೋಡಿಕೊಂಡು. ಅದರ ನಂತರ ಬಂದ, ಹಳೆಯ ದಾಖಲೆಗಳನ್ನು ನೋಡಿ ಮಾಡಿದ ಮಕ್ಕಳ ಅಧ್ಯಯನದಲ್ಲಿ ಆರ್‌ಎಲ್ ಪಡೆದವರು ಬೇಗ ಮನೆಗೆ ಹೋದದ್ದು ಕಂಡಿದೆ. ತಕ್ಕಡಿ ಆರ್‌ಎಲ್ ಕಡೆ ವಾಲಿದೆ. ಅದಕ್ಕೂ ಅಪವಾದ ಇದೆ. ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿಯೇ ಕಾಯಿಲೆ ಬಂದಿದ್ದರೆ, ಕ್ಯಾಲ್ಸಿಯಂ ಇರುವ ಆರ್‌ಎಲ್ ಬೇಡ.

ನಮ್ಮ ಹುಡುಗನ ಲೆಕ್ಕದಲ್ಲಿ ನೋಡಿ. ಒಮ್ಮೆಗೆ 220ರಿಂದ 440 ಮಿಲಿ, ಆಮೇಲೆ ದಿನಕ್ಕೆ 2310ರಿಂದ 3080. ‘ಎರಡು ಬಾಟ್ಲು’ ಅನ್ನುವ ಉತ್ತರದಲ್ಲಿ ಇದ್ಯಾವುದೂ ಇಲ್ಲ. ದೊಡ್ಡವರಿಗೆ ಎರಡು ಬಾಟ್ಲು ಒಂದು ಮಾತು, 22 ಕಿಲೋ ಮಗುವಿಗೆ ಇನ್ನೊಂದು ಮಾತು.

4. ಬಾಟ್ಲಿಯೂ ನಂಬಿಕೆಯೂ

ಹೆಸರು ಸರಿಯಾಗಿದ್ದರೂ ಸಾಲದು ಅನ್ನುವುದನ್ನು ನಮ್ಮ ಪಕ್ಕದ ಬಳ್ಳಾರಿ ತೋರಿಸಿತು. 2024ರ ನವೆಂಬರಿನಲ್ಲಿ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅನುಮಾನ ಹೋದದ್ದು ಹೊರರಾಜ್ಯದ ಕಂಪನಿಯೊಂದು ಪೂರೈಸಿದ ರಿಂಗರ್ ಲ್ಯಾಕ್ಟೇಟ್ ಮೇಲೆ. ಕರ್ನಾಟಕ ಸರ್ಕಾರ ಅದರ ಬಳಕೆ ನಿಲ್ಲಿಸಿತು. ಹಾರ್ಟ್‌ಮನ್ ಕೂಸುಗಳಿಗಾಗಿ ಮಾಡಿದ ದ್ರವದ ಹೆಸರು ಕನ್ನಡ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಹೀಗೆ, ಸಾವಿನ ಸುದ್ದಿಯಾಗಿ. ಆ ವಾರ ನಮ್ಮ ಚಿಕ್ಕಮ್ಮ ಫೋನ್ ಮಾಡಿ ‘ನಮ್ಮುಡುಗನಿಗೆ ಬೆಂಗಳೂರಲ್ಲಿ ಹಾಕಿದ್ದು ಅದೇನಾ?’ ಅಂತ ಕೇಳಿದರು. ‘ಹೆಸರು ಅದೇ ಚಿಕ್ಕಮ್ಮ, ಬಾಟ್ಲಿ ಬೇರೆ’ ಅಂದೆ. ಬ್ಯಾಚ್ ನಂಬರ್ ಯಾಕೆ ಬರೆದಿಡಬೇಕು ಅನ್ನುವುದು ಅವತ್ತು ನನಗೆ ಅರ್ಥವಾಯಿತು.

5. ಕನ್ನಡದ ಪಾಲು

ಕನ್ನಡಕ್ಕೆ ವೈದ್ಯ ಹೊಸದೇನಲ್ಲ. ಕೀರ್ತಿವರ್ಮನ ಗೋವೈದ್ಯ ಇದೆ, ಮಂಗರಾಜನ ಖಗೇಂದ್ರಮಣಿದರ್ಪಣ ಇದೆ, ಮಕ್ಕಳಿಗೆಂದೇ ದೇವೇಂದ್ರಮುನಿಯ ಬಾಲಗ್ರಹಚಿಕಿತ್ಸೆ ಇದೆ. ಖಗೇಂದ್ರಮಣಿದರ್ಪಣ ವಿಷದ ಶಾಸ್ತ್ರ. ಅಂಥ ಶಾಸ್ತ್ರದ ಮೊದಲ ಕೆಲಸವೇ ಬಗೆ ಬಗೆಯಾಗಿ ವಿಂಗಡಿಸಿ ಹೆಸರಿಡುವುದು, ಯಾವುದಕ್ಕೆ ಯಾವ ಮದ್ದು ಅಂತ ಹೇಳುವುದು. ಎಲ್ಲವನ್ನೂ ‘ವಿಷ’ ಅಂತ ಒಂದೇ ಹೆಸರಿನಲ್ಲಿ ಕರೆದಿದ್ದರೆ ಆ ಗ್ರಂಥ ಹುಟ್ಟುತ್ತಲೇ ಇರಲಿಲ್ಲ. ನಾವು ಈಗ ಎಲ್ಲ ದ್ರವವನ್ನೂ ‘ಗ್ಲೂಕೋಸ್’ ಅಂತಿದ್ದೇವೆ.

ರೊದ್ದಂ ಹೆಸರಿನ ಜೊತೆಗೇ ಇನ್ನೊಂದು ಪರಂಪರೆ ಇದೆ. ವಿಮಾನ ವಿಜ್ಞಾನಿ ರೊದ್ದಂ ನರಸಿಂಹ ಅವರ ತಂದೆ ಆರ್.ಎಲ್. ನರಸಿಂಹಯ್ಯ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಮೇಷ್ಟ್ರಾಗಿದ್ದು ನಕ್ಷತ್ರಗಳ ಬಗ್ಗೆ, ವಿಶ್ವದ ಬಗ್ಗೆ ತಿಳಿಗನ್ನಡದಲ್ಲಿ ಬರೆದರು. ಆಕಾಶದ ನಕ್ಷತ್ರಕ್ಕೆ ಕನ್ನಡದಲ್ಲಿ ಜಾಗ ಸಿಕ್ಕಿತು. ಮಂಚದ ಪಕ್ಕದ ಬಾಟ್ಲಿಗೆ ಇನ್ನೂ ಸಿಕ್ಕಿಲ್ಲ. ನಾನು ಹೊಸ ಸಂಸ್ಕೃತ ಪದ ಕಟ್ಟಿ ಅಂತ ಹೇಳುತ್ತಿಲ್ಲ. ‘ಆರ್‌ಎಲ್’, ‘ಎನ್‌ಎಸ್’, ‘ಡಿ-5’ ಹಾಗೇ ಇರಲಿ. ‘ಉಪ್ಪಿನ ಬಾಟ್ಲು’, ‘ಸಕ್ಕರೆ ಬಾಟ್ಲು’, ‘ರಿಂಗರ್ ಬಾಟ್ಲು’ ಅಂದರೂ ಆಯಿತು. ಮೂರು ಬೇರೆ ಬೇರೆ ಎನ್ನುವುದು ಮಾತಿಗೆ ಬರಬೇಕು ಅಷ್ಟೆ. ಮತ್ತು ಊರು ಬಿಟ್ಟು ಇನ್ನೊಂದು ಆಸ್ಪತ್ರೆಗೆ ಹೋಗುವ ಚೀಟಿಯಲ್ಲಿ ಮೂರು ಸಾಲು ಇರಬೇಕು: ಯಾವುದು, ಎಷ್ಟು ಮಿಲಿ, ಎಷ್ಟು ಗಂಟೆಗೆ.

ಸಂವಾದ

ಪ್ರಬಂಧದ ನಂತರ ಒಬ್ಬ ಸಹಪಾಠಿ ಕೇಳಿದರು: ‘ಹಾಗಾದ್ರೆ ಹಳ್ಳಿಯ ಆರ್‌ಎಂಪಿ ತಪ್ಪು ಮಾಡಿದರು ಅಂತಾನಾ?’ ನಾನು ಹೇಳಿದ್ದು: ಗೊತ್ತಿಲ್ಲದ್ದನ್ನು ತಪ್ಪು ಅನ್ನಲಾರೆ. ಏನು ಹಾಕಿದರು ಎಂಬುದೇ ದಾಖಲಾಗಿಲ್ಲ. ಬೆಳಗ್ಗೆ ಆರು ಗಂಟೆಗೆ ಬಾಗಿಲು ತೆಗೆದವರು ಅವರೊಬ್ಬರೇ. ‘ಒಂದು ಗ್ಲೂಕೋಸ್ ಹಾಕಿಬಿಡಿ’ ಅಂತ ಕೇಳಿದವರು ನಾವೇ. ಕೇಳಿದ್ದನ್ನು ಕೊಟ್ಟರು.

ಮೇಡಂ ಒಬ್ಬರು ಕೇಳಿದರು: ‘ಬಾಯಲ್ಲಿ ಕೊಡುವುದಕ್ಕೆ ಈ ಚರಿತ್ರೆಯಲ್ಲಿ ಜಾಗ ಇಲ್ಲವೇ?’ ಬಹಳ ಒಳ್ಳೆಯ ಪ್ರಶ್ನೆ. 1971ರಲ್ಲಿ ಬಂಗಾಳದ ಬನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಬಾಟ್ಲಿಗಳು ಮುಗಿದಾಗ ದಿಲೀಪ್ ಮಹಲನೋಬಿಸ್ ಉಪ್ಪು-ಸಕ್ಕರೆ ನೀರನ್ನು ಬಾಯಿಂದಲೇ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಭೇದಿಗೆ ಇವತ್ತಿಗೂ ಮೊದಲ ಮದ್ದು ಅದೇ. ಮೇದೋಜೀರಕದಲ್ಲೂ ‘ತೊಟ್ಟು ನೀರೂ ಕೊಡಬೇಡಿ’ ಎನ್ನುವ ಹಳೆಯ ಪದ್ಧತಿ ಸಡಿಲವಾಗಿದೆ. ಮಗು ತಡೆದುಕೊಂಡರೆ ಬೇಗ ಊಟ ಶುರುಮಾಡುವುದು ಒಳ್ಳೆಯದು ಎಂದೇ ಈಗಿನ ಮಾತು. ಆದರೆ ಮೊದಲ ದಿನ, ಸೋರುತ್ತಿರುವ ರಕ್ತನಾಳಕ್ಕೆ ಬಾಟ್ಲಿ ಬೇಕೇಬೇಕು. ಅದನ್ನು ಆಸ್ಪತ್ರೆಯಲ್ಲಿ, ರಕ್ತ, ಮೂತ್ರ ನೋಡುತ್ತಾ ಕೊಡಬೇಕು.

ಕೊನೆಯ ಪ್ರಶ್ನೆ: ‘ನಿಮ್ಮ ಚಿಕ್ಕಮ್ಮ ಈಗ ಏನಂತಾರೆ?’ ಹೋದ ತಿಂಗಳು ರೊದ್ದಂಗೆ ಹೋಗಿದ್ದೆ. ಪಕ್ಕದ ಮನೆಯ ಅಜ್ಜಿಗೆ ಸುಸ್ತಾಗಿ ಬಾಟ್ಲಿ ಹಾಕಿಸಿದ್ದರಂತೆ. ಚಿಕ್ಕಮ್ಮ ಹೋಗಿ ನೋಡಿ ಬಂದು ಹೇಳಿದರು: ‘ಅದು ಸಕ್ಕರೇದು. ಮೇಲೆ ಬರೆದಿತ್ತು, ಓದಿಸ್ದೆ. ಮಗೂ ಹತ್ರ ಓದಿಸಿ ಚೀಟೀಲಿ ಬರೆಸಿ ಇಟ್ಟಿದ್ದೀನಿ.’ ಓದಿದ ಮಗು ಇವನೇ.